ಕೊಳ್ಳಹೊರಟರೆ .32 ಬೋರೇ ಏಕೆ?

2014ರ ಜನವರಿ. ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿ ಹೊಸದೊಂದು ರಿವಾಲ್ವರನ್ನು ಮಾರುಕಟ್ಟೆಗೆ ಬಿಟ್ಟಿತು. ಹೆಸರು ‘ನಿರ್ಭೀಕ್’. ಟೈಟಾನಿಯಂ ಮಿಶ್ರಲೋಹದ ಮೈ, ಅರ್ಧ ಕಿಲೋ ಆಸುಪಾಸಿನ ತೂಕ, ಒಡವೆ ಡಬ್ಬಿಯಂಥ ಕಡುಗೆಂಪು ಪೆಟ್ಟಿಗೆ. ಬೆಲೆ 1,22,360 ರೂಪಾಯಿ, ತೆರಿಗೆ ಬೇರೆ. 2012ರ ಡಿಸೆಂಬರ್ 16ರ ದೆಹಲಿ ಅತ್ಯಾಚಾರ ಪ್ರಕರಣದ ಸಿಟ್ಟು, ಭಯ ಇನ್ನೂ ಆರಿರಲಿಲ್ಲ. ಹೆಣ್ಣುಮಕ್ಕಳ ಕೈಚೀಲಕ್ಕೆ ಹೊಂದುವ ರಿವಾಲ್ವರ್ ಎಂದು ಅದು ಸುದ್ದಿಯಾಯಿತು. ಅಷ್ಟು ದುಡ್ಡು ಯಾರ ಬಳಿ ಇದೆ ಎಂದು ಕೆಲವರು ಕೇಳಿದರು. ರಕ್ಷಣೆ ಕೊಡಬೇಕಾದ ಸರ್ಕಾರವೇ ಗನ್ ಮಾರುವುದೇ ಎಂದು ಇನ್ನು ಕೆಲವರು. ಚರ್ಚೆಗೆ ಅಷ್ಟಾಗಿ ಬಾರದೆ ಉಳಿದದ್ದು ಅದರ ಬೋರ್, ಅಂದರೆ ನಳಿಗೆಯ ಒಳವ್ಯಾಸದ ಅಳತೆ: .32.

ಭಾರತದಲ್ಲಿ ಆತ್ಮರಕ್ಷಣೆಗೆಂದು ಕೈಬಂದೂಕು ಕೊಳ್ಳಲು ಹೊರಟವರು ಬಹುಪಾಲು ಬಂದು ನಿಲ್ಲುವುದು ಈ ಅಂಕಿಯ ಮುಂದೆಯೇ. ಒಂದು ಇಂಚಿನ ನೂರರಲ್ಲಿ 32 ಭಾಗ, ಅಂದರೆ ಸುಮಾರು 8 ಮಿಲಿಮೀಟರ್. ಇದರ ಗುಂಡಿಗೆ ಪೊಲೀಸರ 9 ಎಂ.ಎಂ. ಗುಂಡಿನ ಅರ್ಧದಷ್ಟೂ ಶಕ್ತಿಯಿಲ್ಲ. ಹಾಗಿದ್ದೂ ಇದೇ ಏಕೆ? ಕೊಳ್ಳುವವರು ಅಂಗಡಿಯ ಮೆಟ್ಟಿಲು ಹತ್ತುವ ಎಷ್ಟೋ ಮೊದಲೇ ಕಾನೂನು ಅವರ ಪರವಾಗಿ ಆಯ್ಕೆ ಮುಗಿಸಿಬಿಟ್ಟಿದೆ.

ಕಥೆ ಶುರುವಾಗುವುದು 1857ರ ದಂಗೆಯಿಂದ. ದಂಗೆ ಅಡಗಿದ ಮೇಲೆ ಬ್ರಿಟಿಷರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಜನರ ಕೈಯಿಂದ ಆಯುಧ ಕಿತ್ತುಕೊಂಡದ್ದು. ವೈಸರಾಯ್ ಲಿಟ್ಟನ್ ಕಾಲದ 1878ರ ಶಸ್ತ್ರಾಸ್ತ್ರ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ, ಯುರೋಪಿಯನ್ನರಿಗೆ ವಿನಾಯಿತಿ. ಕೊಡಗಿನವರು ಮಾತ್ರ ಈ ಬಲೆಯಿಂದ ಹೊರಗುಳಿದರು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರಿಗೆ ಕೊಟ್ಟ ವಿನಾಯಿತಿ ರೂಪ ಬದಲಿಸಿಕೊಳ್ಳುತ್ತಾ ಇಂದಿಗೂ ಉಳಿದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅನ್ವಯಿಸುವ ಅದನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು; 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು.

ಆಯುಧದಷ್ಟೇ ಗುಂಡಿನ ಚಿಂತೆಯೂ ಬ್ರಿಟಿಷರಿಗಿತ್ತು. ಸೇನೆ ಬಳಸುವ ಗುಂಡು ಕಳವಾಗಿ ಹೊರಗೆ ಹೋದರೆ ಅದು ಯಾವ ಖಾಸಗಿ ಬಂದೂಕಿಗೂ ಹೊಂದಬಾರದು ಎಂಬುದು ಅವರ ಲೆಕ್ಕ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಇಲ್ಲಿನ ಖಾಸಗಿಯವರಿಗೆ .450 ಬೋರಿನ ರೈಫಲ್ ನಿಷೇಧವಾದದ್ದು ಇದೇ ಕಾರಣಕ್ಕೆ. ಆನೆ, ಹುಲಿ ಬೇಟೆಯ ಗಿರಾಕಿಗಳನ್ನು ಕಳೆದುಕೊಳ್ಳಲು ಒಪ್ಪದ ಇಂಗ್ಲೆಂಡಿನ ಬಂದೂಕು ತಯಾರಕರು .470, .465 ಎಂದು ಹೊಸ ಬೋರ್‌ಗಳನ್ನೇ ಹುಟ್ಟಿಸಿದರು.

ಅದೇ ಹೊತ್ತಿಗೆ .32 ಬೋರ್ ಬೇರೆ ದೇಶಗಳಲ್ಲಿ ಒಳ್ಳೆಯ ಹೆಸರು ಮಾಡಿತ್ತು. ರಿವಾಲ್ವರಿಗೆ ಬೇಕಾದ ಉದ್ದ ಕೇಸಿನ .32 ಗುಂಡು 1896ರಲ್ಲಿ ಅಮೆರಿಕದಲ್ಲಿ ಬಂತು. ಆಗ ನ್ಯೂಯಾರ್ಕ್ ಪೊಲೀಸ್ ಇಲಾಖೆಯ ಮುಖ್ಯಸ್ಥರಾಗಿದ್ದ ಥಿಯೋಡರ್ ರೂಸ್‌ವೆಲ್ಟ್, ಮುಂದೆ ಅಧ್ಯಕ್ಷರಾದವರು, ತಮ್ಮ ಪೊಲೀಸರಿಗೆ ಕೋಲ್ಟ್ ಕಂಪನಿಯ .32 ರಿವಾಲ್ವರನ್ನೇ ಆರಿಸಿದರು. ಪಿಸ್ತೂಲಿಗೆ ಹೊಂದುವ .32 ಗುಂಡನ್ನು ಜಾನ್ ಬ್ರೌನಿಂಗ್ 1899ರ ಹೊತ್ತಿಗೆ ರೂಪಿಸಿದರು; ಯುರೋಪಿನಲ್ಲಿ ಅದು 7.65 ಎಂ.ಎಂ. ಎಂದೇ ಪ್ರಸಿದ್ಧ. ದೊಡ್ಡ ದೇಶಗಳ ಪೊಲೀಸರು ಕ್ರಮೇಣ ಇವನ್ನು ಬಿಟ್ಟು ಮುಂದೆ ಹೋದರು.

ಸ್ವಾತಂತ್ರ್ಯ ಹೋರಾಟದಲ್ಲಿ ಶಸ್ತ್ರಾಸ್ತ್ರ ಕಾಯ್ದೆ ಒಂದು ಗಾಯವಾಗಿಯೇ ಇತ್ತು. 1930ರ ಜನವರಿಯಲ್ಲಿ ಗಾಂಧೀಜಿ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ, ಜನರ ಹತೋಟಿಗೊಳಪಟ್ಟು ಆತ್ಮರಕ್ಷಣೆಗೆ ಬಂದೂಕು ಲೈಸೆನ್ಸ್ ಕೊಡಬೇಕು ಎಂಬುದೂ ಒಂದು. ಮರುವರ್ಷದ ಕರಾಚಿ ಕಾಂಗ್ರೆಸ್ ನಿರ್ಣಯವೂ ನಿಯಮಗಳಿಗೊಳಪಟ್ಟ ಶಸ್ತ್ರದ ಹಕ್ಕನ್ನು ಹೇಳಿತು. 1948ರ ಡಿಸೆಂಬರ್‌ನಲ್ಲಿ ಮಂಗಳೂರು ಮೂಲದ ಎಚ್.ವಿ. ಕಾಮತ್ ಸಂವಿಧಾನ ಸಭೆಯಲ್ಲಿ ಅದನ್ನು ನೆನಪಿಸಿ, ಶಸ್ತ್ರ ಇಟ್ಟುಕೊಳ್ಳುವುದನ್ನು ಮೂಲಭೂತ ಹಕ್ಕಾಗಿಸಬೇಕು ಎಂದು ತಿದ್ದುಪಡಿ ಮಂಡಿಸಿದರು. ಅಂಬೇಡ್ಕರ್ ಒಪ್ಪಲಿಲ್ಲ. ತಿದ್ದುಪಡಿ ಬಿದ್ದುಹೋಯಿತು.

ನಂತರ ಬಂದ 1959ರ ಕಾಯ್ದೆ ಬ್ರಿಟಿಷರ ಕಾಯ್ದೆಯನ್ನು ತೆಗೆದು ಹಾಕಿತು, ಬೋರಿನ ಭೇದವನ್ನು ಉಳಿಸಿಕೊಂಡಿತು. 1962ರ ನಿಯಮಗಳ ಪಟ್ಟಿ ನೋಡಿದರೆ ಸಾಕು: .303 ಮತ್ತು 7.62 ಎಂ.ಎಂ. ಸೇನಾ ಗುಂಡು ಹಾರಿಸುವ ರೈಫಲ್‌ಗಳು, .380, .455 ಮತ್ತು 9 ಎಂ.ಎಂ. ಸೇವಾ ಗುಂಡಿನ ರಿವಾಲ್ವರ್, ಪಿಸ್ತೂಲುಗಳು, ಎಲ್ಲವೂ ‘ನಿಷೇಧಿತ ಬೋರ್’. ಗನ್ ಅಂಗಡಿಯವರ ಬಾಯಲ್ಲಿ ಇದು ಪಿ.ಬಿ., ಉಳಿದದ್ದು ಎನ್.ಪಿ.ಬಿ. ನಿಷೇಧಿತ ಬೋರಿಗೆ ಕೇಂದ್ರ ಗೃಹ ಸಚಿವಾಲಯದ ತನಕ ಹೋಗಬೇಕು. ಸಾಮಾನ್ಯರ ಪಾಲಿಗೆ ಸೇನೆಗೂ ಪೊಲೀಸರಿಗೂ ಬೇಡವಾದ ಬೋರ್‌ಗಳು ಉಳಿದವು. ಅವುಗಳಲ್ಲಿ ಮುಖ್ಯವಾದದ್ದು .32.

1980ರ ದಶಕದ ನಡುಭಾಗದಲ್ಲಿ ಖಾಸಗಿಯವರ ಆಮದಿಗೂ ಬಾಗಿಲು ಮುಚ್ಚಿತು. ಹೆಸರಾಂತ ಶೂಟರ್‌ಗಳಂಥ ಕೆಲವರಿಗಷ್ಟೇ ರಿಯಾಯಿತಿ. ಅದಕ್ಕೂ ಮೊದಲೇ ದೇಶದೊಳಗೆ ಬಂದಿದ್ದ ವಾಲ್ಥರ್, ಸ್ಮಿತ್ ಅಂಡ್ ವೆಸನ್‌ಗಳು ಲಕ್ಷಗಟ್ಟಲೆಗೆ ಕೈ ಬದಲಾಯಿಸತೊಡಗಿದವು. ಈ ತೆರಪನ್ನು ತುಂಬಿದ್ದು ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಗಳು. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ ಹುಟ್ಟಿದ ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿ ಬ್ರಿಟಿಷರ ವೆಬ್ಲಿ ರಿವಾಲ್ವರಿನ ವಿನ್ಯಾಸವನ್ನೇ .32ಕ್ಕೆ ಇಳಿಸಿ ನಾಗರಿಕರಿಗೆ ಮಾರಿತು.

ಅದನ್ನು ಹತ್ತಿರದಿಂದ ನೋಡಿದರೆ ವಂಶ ತಿಳಿಯುತ್ತದೆ. ಸುತ್ತಿಗೆಯ ಪಕ್ಕದ ಚಿಲಕವನ್ನು ಹೆಬ್ಬೆರಳಿನಿಂದ ಒತ್ತಿದರೆ ನಳಿಗೆ ಮುಂದಕ್ಕೆ ಬಾಗಿ ಇಡೀ ರಿವಾಲ್ವರ್ ಅಡಕತ್ತರಿಯಂತೆ ಬಾಯಿ ತೆರೆಯುತ್ತದೆ. ಸಿಲಿಂಡರಿನ ನಡುವಿನಿಂದ ನಕ್ಷತ್ರಾಕಾರದ ತಟ್ಟೆಯೊಂದು ಮೇಲೆದ್ದು ಆರೂ ಖಾಲಿ ಕೇಸುಗಳನ್ನು ಒಟ್ಟಿಗೇ ಎತ್ತಿ ಚೆಲ್ಲುತ್ತದೆ. ಟ್ರಿಗರ್ ಬಿಗಿ, ಒಂದೇ ಎಳೆತಕ್ಕೆ ಸಿಲಿಂಡರ್ ತಿರುಗಬೇಕು, ಸುತ್ತಿಗೆ ಹಿಂದೆ ಹೋಗಿ ಬೀಳಬೇಕು. ಅಭ್ಯಾಸವಿಲ್ಲದ ಕೈ ಆ ಎಳೆತದಲ್ಲೇ ಗುರಿ ತಪ್ಪುತ್ತದೆ. ಗುಂಡು ಹಾರದಿದ್ದರೆ ಮತ್ತೊಮ್ಮೆ ಎಳೆದರೆ ಮುಂದಿನದು ಬರುತ್ತದೆ ಎಂಬುದು ಇದರ ಹೆಚ್ಚುಗಾರಿಕೆ. ಆರ್ಡ್‌ನೆನ್ಸ್ ಕಾರ್ಖಾನೆಯದೇ .32 ಪಿಸ್ತೂಲು ‘ಅಶನಿ’ಯಲ್ಲಿ ಮ್ಯಾಗಜಿನ್ ಇದೆ, ಮೈ ಚಪ್ಪಟೆ. ಆದರೆ ಗುಂಡು ಸಿಕ್ಕಿಕೊಂಡರೆ ಸ್ಲೈಡ್ ಎಳೆದು ಬಿಡಿಸಿಕೊಳ್ಳುವ ಅಭ್ಯಾಸ ಬೇಕು. ಹೊಸಬರಿಗೆ ರಿವಾಲ್ವರ್ ಸಲೀಸು ಎನ್ನುವುದು ಇದಕ್ಕೇ.

ನಿರ್ಭೀಕ್ ನಂತರ ಆಯ್ಕೆ ಸ್ವಲ್ಪ ಹಿಗ್ಗಿತು. ಈಶಾಪುರದ ರೈಫಲ್ ಫ್ಯಾಕ್ಟರಿ .22 ಬೋರಿನ ಹಗುರ ‘ನಿಡರ್’ ತಂದಿತು. ಬರ್ಮಿಂಗ್‌ಹ್ಯಾಮ್ ಮೂಲದ ವೆಬ್ಲಿ ಅಂಡ್ ಸ್ಕಾಟ್ ಹೆಸರು ಉತ್ತರ ಪ್ರದೇಶದ ಹರದೋಯಿಗೇ ಬಂದು .32 ರಿವಾಲ್ವರ್ ತಯಾರಿಕೆಗೆ ಇಳಿಯಿತು. 2021ರಲ್ಲಿ ಆರ್ಡ್‌ನೆನ್ಸ್ ಕಾರ್ಖಾನೆಗಳು ಕಂಪನಿಗಳಾದ ಮೇಲೆ, 2023ರ ಆಗಸ್ಟ್‌ನಲ್ಲಿ ಕಾನ್ಪುರದಿಂದ ‘ಪ್ರಬಲ್’ ಬಂತು. ಇದರಲ್ಲಿ ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ. ಬೋರ್ ಮತ್ತದೇ .32.

ಕಾನೂನಿನ ಬೇಲಿ ಕಟ್ಟಿದ್ದು ಯಾರಿಗೋ, ಅದನ್ನು ಹಾರಿದವರು ಇನ್ಯಾರೋ. ‘ಸ್ಮಾಲ್ ಆರ್ಮ್ಸ್ ಸರ್ವೆ’ ಸಂಸ್ಥೆಯ 2017ರ ಅಂದಾಜಿನಂತೆ ಭಾರತದಲ್ಲಿ ನಾಗರಿಕರ ಬಳಿಯ ಬಂದೂಕುಗಳು ಸುಮಾರು 7.1 ಕೋಟಿ, ದಾಖಲಾದದ್ದು 97 ಲಕ್ಷ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಹತರಾದರು. ಎರಡೂ ಕಡೆ ಬಳಕೆಯಾದದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ವರದಿ ಹೇಳಿತು. ಬ್ರೌನಿಂಗ್ ರೂಪಿಸಿದ್ದ ಅದೇ ಅಳತೆ. ನಾಡ ಪಿಸ್ತೂಲಿಗೆ ಲೈಸೆನ್ಸ್ ಕೇಳುವವರಿಲ್ಲ.

ಕಾನೂನಿನ ದಾರಿ ಹಿಡಿದವರಿಗೆ ನಡಿಗೆ ದೂರದ್ದು. 21 ವರ್ಷ ತುಂಬಿರಬೇಕು. ಜಿಲ್ಲೆಗಳಲ್ಲಿ ಡಿ.ಸಿ. ಕಚೇರಿಗೆ, ಬೆಂಗಳೂರಿನಂಥ ಕಡೆ ಪೊಲೀಸ್ ಕಮಿಷನರಿಗೆ ಅರ್ಜಿ. ಜೀವಕ್ಕೋ ಆಸ್ತಿಗೋ ನಿಜವಾದ ಅಪಾಯವಿದೆ ಎಂದು ತೋರಿಸಬೇಕು, ಪೊಲೀಸ್ ವರದಿ ಬರಬೇಕು. 2016ರ ನಿಯಮಗಳು ಸುರಕ್ಷಿತ ಬಳಕೆಯ ತರಬೇತಿಯನ್ನೂ ಸೇರಿಸಿವೆ. ಲೈಸೆನ್ಸ್ ಸಿಕ್ಕ ಮೇಲಷ್ಟೇ ಅಂಗಡಿ. ಕೊಂಡ ಮೇಲೆ ಆಯುಧದ ನಂಬರು ಲೈಸೆನ್ಸಿಗೆ ಏರಬೇಕು. 2019ರ ತಿದ್ದುಪಡಿ ಒಬ್ಬರಿಗೆ ಮೂರರ ಬದಲು ಎರಡೇ ಆಯುಧ ಎಂದಿತು, ಲೈಸೆನ್ಸ್ ಅವಧಿಯನ್ನು ಐದು ವರ್ಷ ಮಾಡಿತು. ಮದುವೆ ಮೆರವಣಿಗೆಯಲ್ಲಿ ಬೇಜವಾಬ್ದಾರಿಯಿಂದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಚುನಾವಣೆ ಬಂದರೆ ಠಾಣೆಯಲ್ಲಿ ಜಮಾ ಮಾಡಿ ಎಂಬ ನೋಟಿಸು ಬರುತ್ತದೆ. ಆನೆ, ಹಂದಿ ಕಾಟದ ಮಲೆನಾಡಿನ ತೋಟದವರ ಹಳೆಯ ತಕರಾರು ಇದು.

ಇಷ್ಟೆಲ್ಲ ದಾಟಿ ತಂದ ಆಯುಧ ಮನೆಯವರನ್ನು ಕಾಯುತ್ತದೆಯೇ? ಅಮೆರಿಕದಲ್ಲಿ ಆರ್ಥರ್ ಕೆಲ್ಲರ್‌ಮನ್ ತಂಡ 1993ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಂದೂಕಿರುವ ಮನೆಗಳಲ್ಲಿ ಕೊಲೆಯ ಅಪಾಯ ಸುಮಾರು 2.7 ಪಟ್ಟು ಹೆಚ್ಚು ಕಂಡುಬಂತು. ಕೊಂದವರು ಹೆಚ್ಚಾಗಿ ಮನೆಯವರು ಅಥವಾ ಪರಿಚಿತರು. ಅಲ್ಲಿನ ಲೆಕ್ಕವನ್ನು ಇಲ್ಲಿಗೆ ಹಾಗೇ ಅಂಟಿಸಲಾಗದು. ಆದರೂ ಮಕ್ಕಳಿರುವ, ಕುಡಿತವಿರುವ, ಖಿನ್ನತೆಯಲ್ಲಿ ಬಳಲುವವರಿರುವ ಮನೆಗೆ ಗನ್ ತರುವವರು ಇದನ್ನು ಮರೆಯುವಂತಿಲ್ಲ.

ಅರ್ಜಿ ಬರೆಯಲು ಕೂತವರು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳನ್ನು ಮೊದಲು ಓದಿಕೊಳ್ಳಲಿ. ಎದುರಾದ ಅಪಾಯಕ್ಕೆ ಬೇಕಾದಷ್ಟೇ ಬಲ ಬಳಸಬೇಕು, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆತ್ಮರಕ್ಷಣೆಯ ಹಕ್ಕು ಹುಟ್ಟುವುದೇ ಇಲ್ಲ ಎಂದು ಅಲ್ಲಿ ಬರೆದಿದೆ. ಅಷ್ಟಾದ ಮೇಲೂ ಬೇಕೆನಿಸಿದರೆ, ಬೀಗ ಹಾಕಿಡುವ ಗಟ್ಟಿ ಪೆಟ್ಟಿಗೆಗೂ ರೈಫಲ್ ಕ್ಲಬ್ಬಿನ ತರಬೇತಿಗೂ ಹಣ ತೆಗೆದಿಟ್ಟುಕೊಂಡೇ ಡಿ.ಸಿ. ಕಚೇರಿಯ ಕಡೆ ಹೊರಡುವುದು ಒಳ್ಳೆಯದು.