ಮಂಗಳ ಹಾಡಲು ಮರೆತ ಕಥೆಗಳು

ಪುಟ್ಟಗೌರಿಯ ಮದುವೆ ಒಂದು ದಿನದಲ್ಲಿ ಮುಗಿದಿರಬಹುದು. ಆ ಮದುವೆಯ ಕಥೆ ಮಾತ್ರ ಆರು ವರ್ಷ ನಡೆಯಿತು. 2012ರ ಡಿಸೆಂಬರ್‌ನಲ್ಲಿ ಆಗಿನ ಈಟಿವಿ ಕನ್ನಡದಲ್ಲಿ ಆರಂಭವಾದ ‘ಪುಟ್ಟಗೌರಿ ಮದುವೆ’ ಧಾರಾವಾಹಿಯು, 2015ರಲ್ಲಿ ವಾಹಿನಿಯ ಹೆಸರು ಕಲರ್ಸ್ ಕನ್ನಡ ಎಂದು ಬದಲಾದ ಮೇಲೂ ಮುಂದುವರಿದು, 1,500ಕ್ಕೂ ಹೆಚ್ಚು ಸಂಚಿಕೆಗಳನ್ನು ಕಂಡು 2019ರಲ್ಲಿ ತೆರೆಯಿಂದ ಸರಿಯಿತು. ಸರಿಯಿತೆಂದರೂ ಪೂರ್ತಿ ಸರಿಯಲಿಲ್ಲ. ಅದರ ಬಾಲವನ್ನೇ ಹಿಡಿದು ‘ಮಂಗಳಗೌರಿ ಮದುವೆ’ ಎಂಬ ಮತ್ತೊಂದು ಕಥೆ ಹೊರಟಿತು. ಕಿರುತೆರೆಯ ಇತಿಹಾಸದಲ್ಲಿ ಇದೊಂದು ದೊಡ್ಡ ಯಶಸ್ಸೆಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ಯಶಸ್ಸಿನ ಬಗ್ಗೆ ಅದರ ಅತ್ಯಂತ ನಿಷ್ಠಾವಂತ ವೀಕ್ಷಕರೇ ನಿಟ್ಟುಸಿರಿಟ್ಟು ಮಾತನಾಡುತ್ತಾರೆ. ಏಕೆ ಹೀಗಾಯಿತೆಂಬ ಪ್ರಶ್ನೆ ಒಂದು ಧಾರಾವಾಹಿಗೆ ಮಾತ್ರ ಸೇರಿದ್ದಲ್ಲ.

ಮೂಲದಲ್ಲಿ ಅದು ಹಿಂದಿಯ ‘ಬಾಲಿಕಾ ವಧು’ವನ್ನು ಆಧರಿಸಿದ ಕಥೆ. ರಾಜಸ್ಥಾನದ ಹವೇಲಿಯ ಕಥೆ ಇಲ್ಲಿಗೆ ಬಂದು ನಮ್ಮದೇ ಮನೆಯ ಕಥೆಯಂತೆ ಕಂಡದ್ದಕ್ಕೆ ಕಾರಣವಿತ್ತು. ಮಂಡ್ಯ ಉಪವಿಭಾಗವೆಂದರೆ ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳು. ಅಲ್ಲಿ ಕಂದಾಯ ಇಲಾಖೆಯ ಕೆಲಸದಲ್ಲಿದ್ದ ವರ್ಷಗಳಲ್ಲಿ, ಎಂಟನೆಯ ತರಗತಿಯ ಹುಡುಗಿಯರ ಮದುವೆ ಚಪ್ಪರದ ಮುಂದೆ ಜೀಪು ನಿಲ್ಲಿಸಬೇಕಾದ ಪ್ರಸಂಗಗಳು ನನಗೂ ನನ್ನ ಸಹೋದ್ಯೋಗಿಗಳಿಗೂ ಬಂದಿವೆ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯನ್ನು ಓದಿ ಹೇಳಿದರೆ ಹುಡುಗಿಯ ತಂದೆ ತಲೆ ತಗ್ಗಿಸಿ ನಿಲ್ಲುತ್ತಿದ್ದ. ನಾವು ಹೊರಟ ಮೇಲೆ ಆ ಮದುವೆ ಬೇರೊಂದು ಊರಿನ ದೇವಸ್ಥಾನದಲ್ಲಿ ನಡೆದು ಹೋಗುತ್ತಿದ್ದುದೂ ಉಂಟು. ಕಾನೂನು ಅಡುಗೆಮನೆಯ ಒಳಗೆ ಹೋಗಲಾರದು, ಕಥೆ ಹೋಗಬಲ್ಲದು. ಗೌರಿ ಶಾಲೆಗೆ ಹೋಗಬೇಕೇ ಬೇಡವೇ ಎಂದು ಅತ್ತೆ ಸೊಸೆಯರು ರಾತ್ರಿ ಊಟದ ಹೊತ್ತಿನಲ್ಲಿ ವಾದಿಸುತ್ತಿದ್ದುದನ್ನು ಆ ದಿನಗಳಲ್ಲಿ ಕೇಳಿದ್ದೇನೆ. ನಮ್ಮ ಸುತ್ತೋಲೆಗಳು ಹತ್ತು ವರ್ಷದಲ್ಲಿ ಮಾಡಲಾಗದ ಕೆಲಸ ಅದು.

ಅನಂತರ ಗೌರಿ ಬೆಳೆದಳು. ಬಾಲನಟಿಯ ಜಾಗಕ್ಕೆ ದೊಡ್ಡ ನಟಿ ಬಂದರು. ಅದರಲ್ಲಿ ತಪ್ಪೇನಿಲ್ಲ, ಎಳವೆಯಲ್ಲಿ ಕಟ್ಟಿದ ತಾಳಿ ಯೌವನದಲ್ಲಿ ಏನಾಗುತ್ತದೆ ಎಂಬುದು ಇನ್ನೂ ಗಂಭೀರವಾದ ಪ್ರಶ್ನೆ. ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧುವೆಂದು ಸಾರುವ ನಮ್ಮ ರಾಜ್ಯದ ತಿದ್ದುಪಡಿ ಜಾರಿಗೆ ಬಂದದ್ದು 2017ರಲ್ಲಿ, ಅಂದರೆ ಈ ಕಥೆ ತೆರೆಯ ಮೇಲೆ ಇರುವಾಗಲೇ. ಅಂಥ ಮದುವೆಯಾದ ಹುಡುಗಿಗೆ ಈ ನೆಲದಲ್ಲಿ ಏನು ಸ್ಥಾನ, ಏನು ಹಕ್ಕು ಎಂಬುದಕ್ಕಿಂತ ರೋಚಕವಾದ ನಾಟಕ ಬೇರೆ ಬೇಕಿತ್ತೇ? ಕಥೆ ಹಿಡಿದದ್ದು ಬೇರೆ ದಾರಿ. ಗಂಡನಿಗೆ ಮತ್ತೊಬ್ಬಳು, ಆ ಮತ್ತೊಬ್ಬಳ ಸಂಚು, ಸಂಚಿಗೆ ಪ್ರತಿಸಂಚು, ಅಪಹರಣ, ಸತ್ತಂತಾಗುವುದು, ಮರಳಿ ಬರುವುದು. 2018ರ ಸುಮಾರಿಗೆ ಗೌರಿ ಬೆಟ್ಟದ ತುದಿಯಿಂದ ಬಿದ್ದೂ ಬದುಕಿ, ಕಾಡುಮೃಗಗಳ ನಡುವೆ ಅಲೆಯುವ ಸಂಚಿಕೆಗಳು ಬಂದಾಗ ನಾಡಿಗೆ ನಾಡೇ ನಕ್ಕಿತು. ನಗೆಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು.

ನಕ್ಕವರಲ್ಲಿ ಬಹುಪಾಲು ಜನ ಆ ಧಾರಾವಾಹಿಯನ್ನು ಎಂದೂ ನೋಡಿದವರಲ್ಲ. ಅವರಿಗೆ ಕಳೆದುಕೊಳ್ಳುವುದೇನೂ ಇರಲಿಲ್ಲ. ನೋವಾದದ್ದು ನೋಡುತ್ತಿದ್ದವರಿಗೆ. ಮಳವಳ್ಳಿಯ ಕಡೆಯ ಹಳ್ಳಿಯೊಂದರ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಆಗ ಹೇಳಿದ ಮಾತು ನನಗೆ ಯಾವ ವಿಮರ್ಶೆಗಿಂತಲೂ ಹೆಚ್ಚಿನದಾಗಿ ಕಂಡಿದೆ: “ಮೊದ್ಲು ಆ ಗೌರಿ ನಮ್ಮನೆ ಹೆಣ್ಣುಮಗ ಅನ್ನಂಗಿದ್ಲು ಸಾ. ಈಗ ಯಾರೋ ಏನೋ ಅನ್ನಂಗಾಗವ್ಳೆ.” ಹಾಗಾದರೆ ನೋಡುವುದನ್ನು ಬಿಡಬಾರದೇಕೆ ಎಂದೆ. “ನಡೂವ್ನಲ್ಲಿ ಬುಡಕ್ಕಾದದಾ? ಕೊನೆ ಏನಾಯ್ತದೊ ನೋಡ್ಬೇಕಲ್ವಾ” ಎಂದರು. ಕೊನೆಯನ್ನು ನೋಡಬೇಕೆಂಬ ಆ ಆಸೆಯೇ ಇಡೀ ಉದ್ಯಮದ ಬಂಡವಾಳ. ಆ ಆಸೆ ಎಂದೂ ತೀರದಂತೆ ನೋಡಿಕೊಳ್ಳುವುದೇ ಅದರ ವ್ಯವಹಾರ.

ಕಥೆ ದೀರ್ಘವಾದುದರಿಂದ ಕೆಟ್ಟಿತೆಂದು ಹೇಳುವುದು ಸುಲಭ. ಆದರೆ ಮಂಡ್ಯ ಸೀಮೆಯ ಜನರಿಗೆ ದೀರ್ಘ ಕಥೆ ಹೊಸದಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ಮುಖ್ಯ ಗದ್ದುಗೆ. ನೀಲಗಾರರು ತಂಬೂರಿ ಹಿಡಿದು ಆ ಕಾವ್ಯವನ್ನು ರಾತ್ರಿಗಟ್ಟಲೆ ಹಾಡುತ್ತಾರೆ. ಅದು ಸಾಲು ಸಾಲಾಗಿ ಹರಿಯುವ ಮಹಾಕಾವ್ಯ. ಪ್ರತಿ ಸಾಲಿಗೂ ಒಂದು ಆರಂಭ, ಒಂದು ಮುಕ್ತಾಯ. ಮದ್ದೂರು, ಮಂಡ್ಯದ ಹಳ್ಳಿಗಳಲ್ಲಿ ಇಂದಿಗೂ ‘ಕುರುಕ್ಷೇತ್ರ’ ನಾಟಕ ರಾತ್ರಿ ಆರಂಭವಾದರೆ ಬೆಳಗಿನ ಜಾವದವರೆಗೆ ನಡೆಯುತ್ತದೆ. ದುರ್ಯೋಧನನ ಪಾತ್ರಕ್ಕೆ ಕೈಯಿಂದ ಹಣ ಕಟ್ಟಿ ಬಣ್ಣ ಹಚ್ಚಿದ ರೈತ, ಸಭಿಕರು ‘ಒನ್ಸ್ ಮೋರ್’ ಎಂದಷ್ಟು ಸಲ ಹಾಡಿಯಾನು. ಆದರೆ ಕೋಳಿ ಕೂಗುವ ಹೊತ್ತಿಗೆ ಅವನ ತೊಡೆ ಮುರಿಯಲೇಬೇಕು, ಮಂಗಳ ಹಾಡಲೇಬೇಕು. ಹಣ ಕೊಟ್ಟವನೆಂದು ದುರ್ಯೋಧನನನ್ನು ಇನ್ನೊಂದು ರಾತ್ರಿ ಉಳಿಸಿಕೊಳ್ಳುವ ಪದ್ಧತಿಯಿಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಹಿಂದಿಯ ‘ಮಹಾಭಾರತ’ ಕನ್ನಡಕ್ಕೆ ಡಬ್ಬಿಂಗ್ ಆಗಿ ಬಂದಾಗ ಜನ ಮುಗಿಬಿದ್ದು ನೋಡಿದರು. ಮೂಲದಲ್ಲಿ ಅದು 267 ಸಂಚಿಕೆಗಳ ಧಾರಾವಾಹಿ. ಹದಿನೆಂಟು ಪರ್ವಗಳಿಗೆ ಅಷ್ಟು ಸಾಕಾದರೆ ಒಂದು ಮದುವೆಗೆ 1,500 ಏಕೆ ಬೇಕಾಯಿತು?

ಇಂಥ ನಿರಾಸೆ ನಮಗೆ ಮಾತ್ರ ಮೀಸಲಲ್ಲ. ಅಮೆರಿಕದಲ್ಲಿ 1989ರಿಂದ ‘ದಿ ಸಿಂಪ್ಸನ್ಸ್’ ಎಂಬ ಅನಿಮೇಷನ್ ಹಾಸ್ಯ ಧಾರಾವಾಹಿ ಪ್ರಸಾರವಾಗುತ್ತಿದೆ. ಮೊದಲ ಎಂಟು ಹತ್ತು ವರ್ಷಗಳದು ಚಿನ್ನದ ಕಾಲ, ಆಮೇಲಿನದು ಹಳೆಯ ಹೆಸರಿನ ಸವಾರಿ ಎಂದು ಅದರ ಅಭಿಮಾನಿಗಳೇ ದೂರುತ್ತಾರೆ. ಹೀಗೆ ದೂರುವವರನ್ನು ಆ ಧಾರಾವಾಹಿ 1997ರಲ್ಲೇ ತನ್ನದೊಂದು ಸಂಚಿಕೆಯಲ್ಲಿ ಹಾಸ್ಯ ಮಾಡಿತ್ತು. ಆದರೆ ಅಲ್ಲಿಗೂ ಇಲ್ಲಿಗೂ ಒಂದು ವ್ಯತ್ಯಾಸವಿದೆ. ಅಲ್ಲಿನ ಚಿತ್ರದ ಹುಡುಗನಿಗೆ ಎಂದೆಂದಿಗೂ ಹತ್ತೇ ವರ್ಷ. ನಮ್ಮ ‘ಪಾಪ ಪಾಂಡು’ವಿನಂತೆ ಪ್ರತಿ ಸಂಚಿಕೆಯ ಗೊಂದಲ ಬಹುಮಟ್ಟಿಗೆ ಅಲ್ಲಿಯೇ ಬಗೆಹರಿಯುತ್ತದೆ. ಆ ಬಾವಿಯಲ್ಲಿ ನೀರು ಬತ್ತಿರಬಹುದು, ಆದರೆ ನೋಡುಗನಿಗೆ ಯಾರೂ ಬಾಕಿ ಉಳಿಸಿಕೊಂಡಿಲ್ಲ. ನಮ್ಮ ದೈನಿಕ ಧಾರಾವಾಹಿಗಳು ಪ್ರತಿ ರಾತ್ರಿಯೂ ನಾಳೆಗೆ ಸಾಲ ಬರೆಯುತ್ತವೆ. ಇಲ್ಲಿನ ಕುಸಿತ ದಣಿವಿನದಲ್ಲ, ಮುಂದೂಡಿಕೆಯದು.

ಮುಂದೂಡುವುದರಿಂದ ಯಾರಿಗೆ ಲಾಭ ಎಂಬ ಲೆಕ್ಕ ನೋಡೋಣ. ಹೊಸ ಧಾರಾವಾಹಿಗೆ ಹೊಸ ಸೆಟ್ಟು, ಹೊಸ ಮುಖಗಳು, ತಿಂಗಳುಗಟ್ಟಲೆ ಪ್ರಚಾರ. ಇಷ್ಟಾದರೂ ಜನ ಒಪ್ಪುತ್ತಾರೆಂಬ ಖಾತರಿಯಿಲ್ಲ. ಓಡುತ್ತಿರುವ ಧಾರಾವಾಹಿಗೆ ಇನ್ನೊಂದು ಸಂಚಿಕೆ ಸೇರಿಸುವ ಖರ್ಚು ಅದಕ್ಕೆ ಹೋಲಿಸಿದರೆ ಅತ್ಯಲ್ಪ. ಗಂಟೆಗೆ 12 ನಿಮಿಷದ ಜಾಹೀರಾತಿಗೆ ನಿಯಮದಲ್ಲಿ ಅವಕಾಶವಿದೆ. ವಾರಕ್ಕೆ ಐದು ದಿನದಂತೆ ವರ್ಷಕ್ಕೆ 260 ಸಂಚಿಕೆ. ಅಷ್ಟು ಕಥೆಯನ್ನು ಯಾವ ಪ್ರತಿಭಾವಂತನೂ ಬರೆಯಲಾರ. ಆದ್ದರಿಂದ ಬಾಗಿಲ ಬಳಿ ನಿಂತವಳ ಮುಖವನ್ನು ಮೂರು ಕಡೆಯಿಂದ ತೋರಿಸಿ ನಿಮಿಷಗಳನ್ನು ತುಂಬಬೇಕಾಗುತ್ತದೆ. ಬರಹಗಾರರನ್ನು ಬೈದು ಪ್ರಯೋಜನವಿಲ್ಲ.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಪ್ರಕಟಿಸಿದ ಪುಟ್ಟ ಗ್ರಂಥವೊಂದರಲ್ಲಿ, ಒಂದು ಸಂಸ್ಥೆಯ ಗುಣಮಟ್ಟ ಕುಸಿದಾಗ ಅದನ್ನು ನಂಬಿದವರ ಮುಂದೆ ಇರುವ ದಾರಿಗಳನ್ನು ವಿವರಿಸಿದ್ದಾರೆ. ಒಂದು, ಬಿಟ್ಟುಹೋಗುವುದು, ಎರಡು, ದನಿಯೆತ್ತುವುದು. ನಿಷ್ಠೆಯುಳ್ಳವರು ಬೇಗ ಬಿಟ್ಟುಹೋಗುವುದಿಲ್ಲ. ಆದ್ದರಿಂದ ಅವರ ದನಿಗೆ ಬೆಲೆ ಹೆಚ್ಚು. ನಮ್ಮ ವೀಕ್ಷಕರಿಗೆ ನಿಷ್ಠೆಯಿದೆ, ದನಿಯಿಲ್ಲ. ವಾಹಿನಿಗೆ ಕೇಳಿಸುವುದು ಮೀಟರಿನ ಅಂಕಿಯೊಂದೇ. ಆ ಮೀಟರು ಹಳ್ಳಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಆರಂಭಿಸಿದ್ದೇ 2015ರಲ್ಲಿ. ಅದಕ್ಕೂ ಮುಂಚೆ ಮಳವಳ್ಳಿಯ ಹಳ್ಳಿಯ ತಾಯಿ ನೋಡಿದರೂ ಒಂದೇ, ಬಿಟ್ಟರೂ ಒಂದೇ ಆಗಿತ್ತು. ಈಗ ಅವಳಂಥವರೂ ಎಣಿಕೆಗೆ ಬಂದಿದ್ದಾರೆ, ಸಂತೋಷ. ಆದರೆ ಟಿ.ವಿ. ಚಾಲನೆಯಲ್ಲಿತ್ತೇ ಎಂಬುದಷ್ಟೇ ಮೀಟರಿಗೆ ತಿಳಿಯುತ್ತದೆ. ಕಣ್ಣೀರು ಒರೆಸಿಕೊಂಡು ನೋಡಿದವಳೂ, “ಥೂ, ಇದೇನು ಕಥೆ” ಎಂದು ಬೈದುಕೊಂಡು ನೋಡಿದವಳೂ ಅದಕ್ಕೆ ಒಂದೇ. ನಿರಾಸೆಯನ್ನು ಅಳೆಯುವ ಮೀಟರು ಇನ್ನೂ ಬಂದಿಲ್ಲ.

“ಜನ ನೋಡುತ್ತಿದ್ದಾರೆ, ನಾವು ಕೊಡುತ್ತಿದ್ದೇವೆ” ಎಂಬ ವಾಹಿನಿಗಳ ಉತ್ತರ ಇಲ್ಲಿಯೇ ಸಡಿಲಗೊಳ್ಳುತ್ತದೆ. ಸಂಜೆ ಏಳರಿಂದ ಹತ್ತರವರೆಗೆ ಎಲ್ಲ ವಾಹಿನಿಗಳಲ್ಲೂ ಒಂದೇ ಬಗೆಯ ಸರಕು ಇರುವಾಗ ಆಯ್ಕೆಯೆಂಬುದು ಆಯ್ಕೆಯಲ್ಲ. ಕಬ್ಬಿನ ಗದ್ದೆಯಿಂದ ಬಂದು, ಹಾಲು ಕರೆದು ಡೇರಿಗೆ ಹಾಕಿ, ಒಲೆಯ ಮೇಲೆ ಎಸರಿಟ್ಟು ಕುಳಿತ ಹೆಂಗಸಿಗೆ ಆ ಅರ್ಧ ಗಂಟೆ ದಿನದ ಏಕೈಕ ಸ್ವಂತ ಸಮಯ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ಅದೇ ತಾಲ್ಲೂಕಿನ ಹಳ್ಳಿಗಳು ಸಂಜೆಯ ಹೊತ್ತು ಆರದ ದೀಪವನ್ನು ಕಾಣಲು ಸುಮಾರು ನೂರು ವರ್ಷ ಕಾಯಬೇಕಾಯಿತು. ಹಾಗೆ ಕಾದು ಪಡೆದ ಬೆಳಕಿನಲ್ಲಿ ನಾವು ಅವರಿಗೆ ಏನನ್ನು ತೋರಿಸುತ್ತಿದ್ದೇವೆಂಬುದು ಹಗುರವಾದ ಪ್ರಶ್ನೆಯಲ್ಲ.

ಏಕೆಂದರೆ ಗೌರಿಯ ಪ್ರಶ್ನೆ ಇನ್ನೂ ಮುಗಿದಿಲ್ಲ. 2023ರಲ್ಲಿ ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಗುಟ್ಟಾಗಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾದಾಗ ಜಿಲ್ಲೆಯೇ ತಲೆ ತಗ್ಗಿಸಬೇಕಾಯಿತು. ಬೆಲ್ಲ ಬೇಯುವ ಜಾಗದಲ್ಲಿ ಹೆಣ್ಣುಕೂಸಿನ ಬದುಕಿನ ತೀರ್ಮಾನ! ಇಂಥ ನೆಲದಲ್ಲಿ, ಪುಟ್ಟ ಹುಡುಗಿಯೊಬ್ಬಳ ಬದುಕಿನ ಬಗ್ಗೆ ಲಕ್ಷಾಂತರ ಮನೆಗಳ ಗಮನವನ್ನು ಸಂಪಾದಿಸಿದ್ದ ಕಥೆಯೊಂದು ಆ ಗಮನವನ್ನು ಕಾಡುಮೃಗಗಳ ಕೈಗೆ ಕೊಟ್ಟುಬಿಟ್ಟಿತಲ್ಲ ಎಂಬುದೇ ನನ್ನ ವ್ಯಥೆ. ಅಂಥ ಗಮನ ಮತ್ತೆ ಮತ್ತೆ ದೊರೆಯುವುದಿಲ್ಲ.

ಬೇರೆ ದಾರಿ ಇರಲಿಲ್ಲವೆಂದಲ್ಲ. 1998ರಲ್ಲಿ ದೂರದರ್ಶನದಲ್ಲಿ ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ನಿರ್ದೇಶಿಸಿದ ‘ಮಾಯಾಮೃಗ’ವನ್ನು ನೋಡಲು ಜನ ಕೆಲಸ ಬಿಟ್ಟು ಕುಳಿತುಕೊಳ್ಳುತ್ತಿದ್ದರು. ಸೀತಾರಾಂ ಅವರು ‘ಮುಕ್ತ ಮುಕ್ತ’ದ ಕಾಲದಲ್ಲಿ ವೀಕ್ಷಕರೊಡನೆ ಸಂವಾದಗಳನ್ನೇ ಏರ್ಪಡಿಸಿ, ಜನರ ಪ್ರಶ್ನೆಗಳಿಗೆ ಎದುರಾಗಿ ನಿಂತು ಉತ್ತರಿಸಿದರು. ಹರ್ಷ್‌ಮನ್ ಹೇಳಿದ ದನಿಗೆ ಅದೊಂದು ವೇದಿಕೆ. ಆದರೆ ಅಂಥವರ ‘ಮಗಳು ಜಾನಕಿ’ಯೂ 2020ರ ಲಾಕ್‌ಡೌನ್ ಹೊಡೆತಕ್ಕೆ ಸಿಕ್ಕಿ ನಡುದಾರಿಯಲ್ಲೇ ನಿಂತಿತು. ನಮ್ಮಲ್ಲಿ ಚೆನ್ನಾಗಿರುವ ಕಥೆ ಮುಗಿಯುವ ಮುಂಚೆ ನಿಲ್ಲುತ್ತದೆ, ಮುಗಿಯಬೇಕಾದ ಕಥೆ ನಿಲ್ಲುವುದೇ ಇಲ್ಲ.

ಒಂದು ಕಾಲಕ್ಕೆ ದೂರದರ್ಶನ 13ರ ಲೆಕ್ಕದಲ್ಲಿ ಧಾರಾವಾಹಿಗಳಿಗೆ ಒಪ್ಪಿಗೆ ಕೊಡುತ್ತಿತ್ತು. ವಾರಕ್ಕೊಂದರಂತೆ ಮೂರು ತಿಂಗಳು. ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ ಅಂಥ ಶಿಸ್ತಿನ ಕಾಲದ ಕೂಸು. ನಲವತ್ತು ವರ್ಷಗಳ ಹತ್ತಿರವಾದರೂ ಜನ ಅದನ್ನು ಪ್ರೀತಿಯಿಂದ ನೆನೆಯುತ್ತಾರೆ. ಆ ವ್ಯವಸ್ಥೆಯಲ್ಲಿ ಅಧಿಕಾರಿಗಳ ಬಾಗಿಲು ಕಾಯುವ ಕಷ್ಟವೂ ಇತ್ತು. ಆ ಬಾಗಿಲ ಒಳಗಡೆ ಕುಳಿತು ಬಂದ ನಾನು ಅದು ಮರಳಲಿ ಎನ್ನಲಾರೆ. ಸರ್ಕಾರದ ಅಪ್ಪಣೆ ಬೇಡ. ವಾಹಿನಿಗಳೇ ತಮಗೆ ತಾವು ಹಾಕಿಕೊಳ್ಳುವ ಗಡಿ ಸಾಕು. ಧಾರಾವಾಹಿ ಆರಂಭವಾಗುವ ದಿನವೇ ಇದು ಇಷ್ಟು ಸಂಚಿಕೆಗಳ ಕಥೆ ಎಂದು ಪ್ರಕಟಿಸಲಿ. 260 ಆಗಲಿ, ಬೇಕಾದರೆ ಅದರ ಎರಡರಷ್ಟಾಗಲಿ. ಕೊನೆಯ ದಿನ ಗೊತ್ತಿದ್ದರೆ ಬರೆಯುವವರಿಗೆ ಎಲ್ಲಿಗೆ ಹೋಗಬೇಕೆಂಬುದು ಗೊತ್ತಿರುತ್ತದೆ.

ನೂರಾರು ಕಲಾವಿದರ, ತಂತ್ರಜ್ಞರ ಅನ್ನದ ಪ್ರಶ್ನೆ ಇದೆಂಬ ಆಕ್ಷೇಪ ಬರಬಹುದು. ಕಥೆ ಮುಗಿದರೆ ಕೆಲಸ ಮುಗಿಯಬೇಕಾಗಿಲ್ಲ. ಮುಂದಿನ ಕಥೆಗೂ ಬೆಳಕು ಹಿಡಿಯುವವರು, ಬಣ್ಣ ಹಚ್ಚುವವರು ಬೇಕು. ನಷ್ಟವಾಗುವುದು ಹೊಸದನ್ನು ಯೋಚಿಸುವ ತೊಂದರೆಯನ್ನು ತಪ್ಪಿಸಿಕೊಳ್ಳುವ ಅನುಕೂಲ ಮಾತ್ರ.

ವೀಕ್ಷಕರ ಪಾಲಿಗೂ ಒಂದು ಕೆಲಸ ಉಳಿದಿದೆ. ಕೊನೆಯನ್ನು ನೋಡಬೇಕೆಂಬ ಆಸೆಯಿಂದ ಕೊನೆಯಿಲ್ಲದ ಕಥೆಗೆ ಸಂಜೆಗಳನ್ನು ಒಪ್ಪಿಸುವುದು, ಮುಳುಗಿದ ಚೀಟಿಗೆ ಇನ್ನೊಂದು ಕಂತು ಕಟ್ಟಿದಂತೆ. ಕಟ್ಟಿದ್ದು ಹೋಯಿತು, ಕಟ್ಟಬೇಕಾದ್ದನ್ನಾದರೂ ಉಳಿಸಿಕೊಳ್ಳಬಹುದು. ಕಥೆ ದಾರಿ ತಪ್ಪಿದ ವಾರವೇ ಮಂಡ್ಯ, ಮದ್ದೂರು, ಮಳವಳ್ಳಿಯ ಮನೆಗಳಲ್ಲಿ ಆ ಅರ್ಧ ಗಂಟೆ ಟಿ.ವಿ. ಆರಿದರೆ, ಮೀಟರಿಗೆ ಅರ್ಥವಾಗುವ ಭಾಷೆಯಲ್ಲೇ ಅವರು ಮಾತನಾಡಿದಂತಾಗುತ್ತದೆ. ಸದ್ಯಕ್ಕೆ ಅವರಿಗಿರುವ ದನಿ ಅದೊಂದೇ.