ಸೂರತ್‌ನ ನೆಲದಡಿ ಧೂಪದ ಕಾಡು

ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್‌ನಲ್ಲಿ ಲಿಗ್ನೈಟ್ ಗಣಿಯೊಂದಿದೆ. ಅಲ್ಲಿನ ಕಂದು ಕಲ್ಲಿದ್ದಲಿನ ಪದರಗಳ ನಡುವೆ ಹಳದಿ, ಕಂದು ಬಣ್ಣದ ಗಟ್ಟಿ ಉಂಡೆಗಳು ಸಿಗುತ್ತವೆ. ಇವು ಅಂಬರ್, ಅಂದರೆ ಐದು ಕೋಟಿ ವರ್ಷಗಳಿಗೂ ಹಿಂದೆ ಯಾವುದೋ ಮರದ ತೊಗಟೆಯಿಂದ ಒಸರಿ ಕೆಸರು ಸೇರಿದ ರಾಳ. ಬಹುಪಾಲು ಅಂಬರ್ ಕಲ್ಲಿನಂತಾಗಿ ಯಾವ ದ್ರಾವಕಕ್ಕೂ ಬಗ್ಗುವುದಿಲ್ಲ. ವಸ್ತಾನದ್ದು ಹಾಗಲ್ಲ. ಟೊಲುವೀನ್‌ನಲ್ಲೋ ಕ್ಲೋರೋಫಾರಂನಲ್ಲೋ ಇಟ್ಟರೆ ಅದು ಕರಗುತ್ತಾ ಹೋಗಿ, ಒಳಗೆ ಸಿಕ್ಕಿಬಿದ್ದ ಕೀಟ ಇಡಿಯಾಗಿ ಹೊರಬರುತ್ತದೆ. ಸೂಕ್ಷ್ಮದರ್ಶಕದಡಿ ಅದರ ಮೀಸೆ, ಕಾಲಿನ ಕೂದಲುಗಳನ್ನೂ ನೋಡಬಹುದು. ಈ ಅಂಬರ್‌ನಲ್ಲಿ 700ಕ್ಕೂ ಹೆಚ್ಚು ಕೀಟ ಮತ್ತು ಜೇಡಗಳು ಸಿಕ್ಕಿವೆ ಎಂದು ಭಾರತ, ಜರ್ಮನಿ, ಅಮೆರಿಕಗಳ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದರು. ಇರುವೆ, ಗೆದ್ದಲು, ನುಸಿಗಳ ಜತೆಗೆ ನಮ್ಮ ಮಿಸರಿ ಜೇನಿನ ದೂರದ ಬಳಗವೂ ಅದರಲ್ಲಿದೆ.

ನನಗೆ ಕೀಟಗಳಿಗಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ರಾಳವೇ. ಅದರ ರಾಸಾಯನಿಕ ಗುರುತನ್ನು ಪರೀಕ್ಷಿಸಿದಾಗ ಅದು ಡಿಪ್ಟೆರೊಕಾರ್ಪ್ ಕುಟುಂಬದ ಮರಗಳದ್ದೆಂದು ಗೊತ್ತಾಯಿತು. ಮಲೆನಾಡಿನವರಿಗೆ ಈ ಕುಟುಂಬದ ಪರಿಚಯ ಬೇಕಿಲ್ಲ. ರಸ್ತೆಬದಿಯಲ್ಲಿ ಕೊಡೆ ಬಿಚ್ಚಿ ನಿಲ್ಲುವ ಬಿಳಿ ಧೂಪದ ಮರ ಇದೇ ಕುಟುಂಬದ್ದು, ಬೋಗಿಯೂ ಇದರದ್ದೇ. ಇಂದು ಈ ಮರಗಳ ದೊಡ್ಡ ನೆಲೆ ಬೋರ್ನಿಯೊ, ಸುಮಾತ್ರಾ, ಮಲೇಷ್ಯಾದ ಮಳೆಕಾಡು. ಭಾರತದಲ್ಲಿ ಇವುಗಳ ನಿತ್ಯಹರಿದ್ವರ್ಣ ಜಾತಿಗಳು ಮುಖ್ಯವಾಗಿ ಪಶ್ಚಿಮಘಟ್ಟ, ಈಶಾನ್ಯ ರಾಜ್ಯಗಳು ಮತ್ತು ಅಂಡಮಾನ್‌ಗೆ ಸೀಮಿತ. ಈಗಿನ ಗುಜರಾತಿನಲ್ಲಿ ಅಂಥ ಕಾಡು ಊಹೆಗೂ ನಿಲುಕದು. ಆದರೆ ಅಲ್ಲಿ ಅದು ಇತ್ತು ಎನ್ನಲು ಅದೇ ಕಾಡಿನ ಅಂಟು ಸಾಕ್ಷಿಯಾಗಿದೆ.

ರಾಳವೊಂದೇ ಹೇಳಿದ್ದರೆ ಅನುಮಾನ ಉಳಿಯುತ್ತಿತ್ತು. ಎಲೆ, ಮರ, ಪರಾಗ ಎಲ್ಲವೂ ಅದನ್ನೇ ಹೇಳುತ್ತವೆ. ರಾಜಸ್ಥಾನದ ಬಿಕಾನೇರ್ ಇಂದು ವರ್ಷಕ್ಕೆ 300 ಮಿಲಿಮೀಟರ್ ಮಳೆಯನ್ನೂ ಕಾಣದ ಮರುಭೂಮಿ. ಆ ಜಿಲ್ಲೆಯ ಗುಢಾ ಲಿಗ್ನೈಟ್ ಗಣಿಯಲ್ಲಿ ಮಳೆಕಾಡಿನ ಅಗಲ ಎಲೆಗಳ ಅಚ್ಚುಗಳು ಸಿಗುತ್ತವೆ. ಎಲೆಯ ಅಚ್ಚೊಂದರಿಂದ ಹವಾಮಾನವನ್ನು ತಿಳಿಯುವ ಬಗೆ ಸೊಗಸಾಗಿದೆ. ನಮ್ಮ ಹಿತ್ತಲಿನ ಮಾವು, ಹಲಸು, ಗೇರುಗಳ ಎಲೆಯಂಚನ್ನು ಸವರಿ ನೋಡಿ, ನುಣುಪಾಗಿರುತ್ತದೆ. ಚಳಿನಾಡಿನ ಸೇಬು, ಚೆರಿ ಎಲೆಗಳ ಅಂಚು ಹಲ್ಲುಹಲ್ಲು. ಬಿಸಿ ಪ್ರದೇಶದ ಕಾಡಿನಲ್ಲಿ ನುಣುಪು ಅಂಚಿನ ಮರಗಳೇ ಹೆಚ್ಚು, ಚಳಿ ಏರಿದಂತೆ ಹಲ್ಲಿನ ಅಂಚಿನವು ಹೆಚ್ಚುತ್ತವೆ ಎಂಬುದನ್ನು ಅಮೆರಿಕದ ಸಸ್ಯವಿಜ್ಞಾನಿಗಳಾದ ಬೈಲಿ ಮತ್ತು ಸಿನ್ನಟ್ 1915ರ ಹೊತ್ತಿಗೇ ಗುರುತಿಸಿದ್ದರು. ಮುಂದೆ ಸಸ್ಯ ಪಳೆಯುಳಿಕೆಗಳ ತಜ್ಞ ಜ್ಯಾಕ್ ವುಲ್ಫ್ ಇದನ್ನು ಲೆಕ್ಕಕ್ಕೆ ತಂದರು. ಒಂದು ಕಾಡಿನ ಮರಜಾತಿಗಳಲ್ಲಿ ನುಣುಪು ಅಂಚಿನವು ನೂರಕ್ಕೆ ಮೂರರಷ್ಟು ಹೆಚ್ಚಾದರೆ ಸರಾಸರಿ ಉಷ್ಣತೆ ಹೆಚ್ಚುಕಡಿಮೆ 1 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಎಲೆಯ ಅಗಲ, ನೀರು ಬೇಗ ಜಾರಿಹೋಗಲು ನೆರವಾಗುವ ಉದ್ದನೆಯ ಚೂಪು ತುದಿ, ಇವನ್ನೂ ಸೇರಿಸಿಕೊಂಡರೆ ಮಳೆಯ ಅಂದಾಜೂ ಸಿಗುತ್ತದೆ. ಗುಢಾದ ಎಲೆಗಳನ್ನು ಹೀಗೆ ಅಳೆದವರಿಗೆ ಕಂಡದ್ದು ಬೆಚ್ಚನೆಯ ಹವೆ ಮತ್ತು ಋತು ಹಿಡಿದು ಸುರಿಯುತ್ತಿದ್ದ ಜೋರುಮಳೆ. ಅಂದರೆ ಹಿಮಾಲಯ ಈಗಿನ ಎತ್ತರಕ್ಕೆ ಏಳುವ ಎಷ್ಟೋ ಮೊದಲೇ ನಮ್ಮ ನೆಲಕ್ಕೆ ಮುಂಗಾರಿನಂಥ ಮಳೆಯಿತ್ತು.

ಕಲ್ಲಾದ ಮರವನ್ನು ಓದುವ ಕ್ರಮ ಬೇರೆ. ಮಣ್ಣಿನಡಿಯ ನೀರಿನಲ್ಲಿ ಕರಗಿದ ಸಿಲಿಕಾ ಜೀವಕೋಶಗಳೊಳಗೆ ಇಳಿದು ಗಟ್ಟಿಯಾಗುತ್ತದೆ. ಮರ ಕೊಳೆಯುವ ಮೊದಲೇ ಅದರ ಒಳರಚನೆ ಕಲ್ಲಿನಲ್ಲಿ ಅಚ್ಚಾಗುತ್ತದೆ. ಆ ಕಲ್ಲುಮರದಿಂದ ವಜ್ರದ ಅಲಗಿನ ಗರಗಸದಲ್ಲಿ ಬಿಲ್ಲೆ ಕತ್ತರಿಸಿ, ಗಾಜಿಗಂಟಿಸಿ, 0.03 ಮಿಲಿಮೀಟರ್ ದಪ್ಪಕ್ಕೆ ಬರುವವರೆಗೆ ಉಜ್ಜುತ್ತಾರೆ. ಆಗ ಕಲ್ಲಿನ ಮೂಲಕ ಬೆಳಕು ಹಾಯುತ್ತದೆ. ನೀರು ಏರಿಸುತ್ತಿದ್ದ ನಾಳಗಳು ದುಂಡಗೆ ಕಾಣುತ್ತವೆ, ಡಿಪ್ಟೆರೊಕಾರ್ಪ್ ಆಗಿದ್ದರೆ ರಾಳದ ಕಾಲುವೆಗಳೂ ಕಾಣುತ್ತವೆ. ಬೆಳವಣಿಗೆಯ ಉಂಗುರಗಳು ಸ್ಪಷ್ಟವಾಗಿದ್ದರೆ ವರ್ಷದಲ್ಲೊಂದು ಕಷ್ಟಕಾಲ, ಚಳಿಯದೋ ಬರದ್ದೋ, ಇತ್ತೆಂದು ಅರ್ಥ. ಉಂಗುರವಿಲ್ಲದ ಮರ ವರ್ಷವಿಡೀ ಬೆಳೆಯುತ್ತಿದ್ದ ಮರ. ತಮಿಳುನಾಡಿನ ತಿರುವಕ್ಕರೈ ಸುತ್ತಲಿನ ಮರಳುಗಲ್ಲಿನಲ್ಲೂ ಹಿಮಾಲಯದ ತಪ್ಪಲಿನ ಶಿವಾಲಿಕ್ ಗುಡ್ಡಗಳಲ್ಲೂ ಡಿಪ್ಟೆರೊಕಾರ್ಪ್ ಮರಗಳು ಹೀಗೆ ಕಲ್ಲಾಗಿ ಸಿಕ್ಕಿವೆ.

ಎಲೆಗಳು ಅಂದಿನ ಗಾಳಿಯ ಲೆಕ್ಕವನ್ನೂ ಇಟ್ಟುಕೊಂಡಿವೆ. ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚಿದ್ದರೆ ಅನೇಕ ಗಿಡಗಳು ಎಲೆಯ ಮೇಲೆ ಕಡಿಮೆ ಪತ್ರರಂಧ್ರಗಳನ್ನು ಮಾಡಿಕೊಳ್ಳುತ್ತವೆ. ಕೇಂಬ್ರಿಜ್‌ನ ಸಸ್ಯವಿಜ್ಞಾನಿ ಇಯಾನ್ ವುಡ್‌ವರ್ಡ್ ಸಸ್ಯಸಂಗ್ರಹಾಲಯದಲ್ಲಿ ಒಣಗಿಸಿಟ್ಟಿದ್ದ ಹಳೆಯ ಎಲೆಗಳನ್ನು ಎಣಿಸಿ, ಎರಡು ಶತಮಾನಗಳಲ್ಲಿ ರಂಧ್ರಗಳು ಸುಮಾರು ಶೇಕಡ 40ರಷ್ಟು ಕಡಿಮೆಯಾಗಿದ್ದನ್ನು 1987ರಲ್ಲಿ ತೋರಿಸಿದರು. ಕಾರ್ಖಾನೆಗಳ ಹೊಗೆಯನ್ನು ಎಲೆಗಳು ನಮಗಿಂತ ಮೊದಲೇ ದಾಖಲಿಸಿದ್ದವು. ಪಳೆಯುಳಿಕೆಯಾದ ಎಲೆಗಳಿಂದಲೂ ಅಂದಿನ ಗಾಳಿಯನ್ನು ಹೀಗೆಯೇ ಅಂದಾಜಿಸಬಹುದು.

ಹಾಗಾದರೆ ಧೂಪದ ಬಳಗ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು? ಬಹುಕಾಲ ಇದನ್ನು ಆಗ್ನೇಯ ಏಷ್ಯಾದ ಕುಟುಂಬವೆಂದೇ ನಂಬಲಾಗಿತ್ತು. ಲಖನೌದ ಬೀರಬಲ್ ಸಾಹನಿ ಪುರಾವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಸೇರಿದ್ದ ತಂಡವೊಂದು 2022ರಲ್ಲಿ ಪರಾಗದ ಪಳೆಯುಳಿಕೆಗಳ ಆಧಾರದಿಂದ ಬೇರೆ ಚಿತ್ರ ಕೊಟ್ಟಿತು. ಡೈನೋಸಾರ್‌ಗಳು ಇನ್ನೂ ಇದ್ದ ಕಾಲದಲ್ಲೇ ಈ ಮರಗಳು ಆಫ್ರಿಕಾದಿಂದ ಭಾರತಕ್ಕೆ ಬಂದಿದ್ದವು. ಉತ್ತರಕ್ಕೆ ಸಾಗುತ್ತಿದ್ದ ಭಾರತದ ನೆಲದ ಮೇಲೆ ಬೆಳೆದು, ಅದು ಏಷ್ಯಾ ಮುಟ್ಟಿದಾಗ ಅತ್ತ ಹಬ್ಬಿದವು. ಬೋರ್ನಿಯೊದ ಕಾಡಿಗೆ ನಮ್ಮ ನೆಲ ದಾರಿಯಾಯಿತು. ಇದು ಶಾಲೆಯ ಪಾಠದಲ್ಲಿ ಇರಬೇಕಾದ ಸಂಗತಿ ಎಂದು ನನಗನಿಸುತ್ತದೆ.

ವಸ್ತಾನದ ಕಾಡು ಬೆಳೆದಾಗ ಭಾರತ ಸಮಭಾಜಕ ವೃತ್ತದ ಹತ್ತಿರವಿತ್ತು, ಧ್ರುವಗಳಲ್ಲಿ ಹಿಮದ ಹೊದಿಕೆಯೇ ಇರಲಿಲ್ಲ. ಆಮೇಲೆ ನೆಲ ಉತ್ತರಕ್ಕೆ ಸರಿಯಿತು. ಸುಮಾರು 3.4 ಕೋಟಿ ವರ್ಷಗಳ ಹಿಂದೆ ಅಂಟಾರ್ಕ್ಟಿಕಾದಲ್ಲಿ ಹಿಮ ಕೂಡಿ ಭೂಮಿ ತಂಪಾಗತೊಡಗಿತು. ಮಳೆ ಕೆಲವೇ ತಿಂಗಳಿಗೆ ಕುಗ್ಗಿ, ಒಣ ತಿಂಗಳುಗಳು ಹೆಚ್ಚಿದವು. ಉತ್ತರದ ಸಾಲವೃಕ್ಷ ಇದೇ ಕುಟುಂಬದ್ದಾದರೂ ಒಣ ಕಾಲಕ್ಕೆ ಹೊಂದಿಕೊಂಡಿತು. ಉಳಿದವು ಮಳೆ ಇರುವಲ್ಲಿಗೆ ಹಿಮ್ಮೆಟ್ಟಿದವು.

ಹೊಂದಿಕೊಳ್ಳಲಾಗದ್ದಕ್ಕೆ ಕಾರಣ ಬೀಜದಲ್ಲೂ ಇದೆ. ಬಿಳಿ ಧೂಪದ ಬೀಜ ರಾಗಿ, ಭತ್ತದಂತೆ ಒಣಗಿ ಕಾದಿರುವ ಜಾತಿಯದಲ್ಲ. ಮುಂಗಾರಿನ ಹೊತ್ತಿಗೆ ಉದುರುತ್ತದೆ, ಉದುರಿದ ಕೂಡಲೇ ಒದ್ದೆ ನೆಲ ಸಿಗಬೇಕು, ಒಣಗಿದರೆ ಸತ್ತುಹೋಗುತ್ತದೆ. ಆದ್ದರಿಂದ ಈ ಕಾಡಿಗೆ ಒಟ್ಟು ಮಳೆಯಷ್ಟೇ ಸಾಲದು, ಅದು ಎಷ್ಟು ತಿಂಗಳಿಗೆ ಹಂಚಿಕೆಯಾಗಿದೆ ಎಂಬುದೂ ಮುಖ್ಯ. ಮಹಾರಾಷ್ಟ್ರದ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ, ಆದರೂ ಅಲ್ಲಿ ಧೂಪದ ಕಾಡಿಲ್ಲ. ಮಿಕ್ಕ ಏಳೆಂಟು ತಿಂಗಳು ಅಲ್ಲಿ ಒಣ. ಘಟ್ಟದಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೋದಂತೆ ಒಣ ತಿಂಗಳುಗಳು ಏರುತ್ತವೆ, ಈ ಮರಗಳು ತೆಳುವಾಗುತ್ತವೆ. ಡಿಪ್ಟೆರೊಕಾರ್ಪಸ್ ಇಂಡಿಕಸ್ ಎಂಬ ದೈತ್ಯ ಮರದ ಉತ್ತರದ ಗಡಿ ಬರುವುದು ನಮ್ಮ ಉತ್ತರ ಕನ್ನಡದಲ್ಲಿ. ಹೊನ್ನಾವರ ತಾಲ್ಲೂಕಿನ ಕರಿಕಾನಮ್ಮನ ದೇವರಕಾಡಿನಲ್ಲಿ ಅದು ಉಳಿದುಕೊಂಡಿದೆ. ಜನ ದೇವಿಯ ಹೆಸರಲ್ಲಿ ಕೊಡಲಿ ಹಾಕದೆ ಬಿಟ್ಟಿದ್ದರಿಂದ ಉಳಿಯಿತು. ಸುತ್ತಲಿನ ಕಾಡು ಕಡಿದು ತೆಳುವಾದಷ್ಟೂ ನೆಲ ಬೇಗ ಒಣಗುತ್ತದೆ. ಇನ್ನು ಮುಂಗಾರು ತಡವಾಗಿ ಬಂದು, ಅದೇ ಮಳೆಯನ್ನು ಕೆಲವೇ ದಿನಗಳಲ್ಲಿ ಸುರಿದು ಹೋದರೆ, ಮಳೆಮಾಪಕದ ವಾರ್ಷಿಕ ಅಂಕಿ ಬದಲಾಗದಿದ್ದರೂ ಮೊಳೆಯುವ ಬೀಜಗಳ ಸಂಖ್ಯೆ ಕುಸಿಯುತ್ತದೆ.