ಅವನಿಗೆ ‘ಚಪಲ’, ಅವಳಿಗೆ ‘ಹಾದರ’: ರಾಜಕಾರಣಿಗಳ ಖಾಸಗಿ ಬದುಕು ತೂಗೋಕೆ ಎರಡು ತಕ್ಕಡಿ

2021ರ ಮಾರ್ಚ್. ವಿಧಾನಮಂಡಲದ ಬಜೆಟ್ ಅಧಿವೇಶನ ನಡೆಯುತ್ತಿತ್ತು. ಜಲಸಂಪನ್ಮೂಲ ಸಚಿವರಾಗಿದ್ದ ರಮೇಶ್ ಜಾರಕಿಹೊಳಿ ಸಿಡಿ ಪ್ರಕರಣದಲ್ಲಿ ರಾಜೀನಾಮೆ ಕೊಟ್ಟಿದ್ದರು. ಅದರ ಬೆನ್ನಲ್ಲೇ ಇನ್ನೂ ಆರು ಮಂದಿ ಸಚಿವರು ಬೆಂಗಳೂರಿನ ಸಿವಿಲ್ ಕೋರ್ಟಿಗೆ ಹೋಗಿ, ತಮ್ಮ ಮಾನ ಕಳೆಯುವಂಥದ್ದೇನನ್ನೂ ಪ್ರಸಾರ ಮಾಡಬಾರದು ಅಂತ ಮಾಧ್ಯಮಗಳ ಮೇಲೆ ತಡೆಯಾಜ್ಞೆ ತಂದುಕೊಂಡಿದ್ದರು. ‘ಏನೂ ಇಲ್ಲದಿದ್ದರೆ ಕೋರ್ಟಿಗೆ ಯಾಕೆ ಹೋದಿರಿ?’ ಅಂತ ವಿರೋಧ ಪಕ್ಷದವರು ಕೆಣಕಿದಾಗ, ಆ ಆರರಲ್ಲಿ ಒಬ್ಬರಾದ ಅಂದಿನ ಆರೋಗ್ಯ ಸಚಿವ ಡಾ. ಕೆ. ಸುಧಾಕರ್ ಸವಾಲು ಹಾಕಿದರು. ಎಲ್ಲ 225 ಶಾಸಕರ ಮೇಲೂ ತನಿಖೆ ಆಗಲಿ, ಯಾರ್ಯಾರು ಏಕಪತ್ನೀವ್ರತಸ್ಥರು ಅನ್ನೋದು ಜನರಿಗೆ ಗೊತ್ತಾಗಲಿ ಅನ್ನುವುದು ಅದರ ಸಾರ.

225 ಅಂದರೆ ಅದರಲ್ಲಿ ಶಾಸಕಿಯರೂ ಬಂದರು. ಪಕ್ಷಭೇದ ಬಿಟ್ಟು ಟೀಕೆ ಬಂತು, ಮಹಿಳಾ ಸದಸ್ಯರು ಪ್ರತಿಭಟಿಸಿದರು, ಸಚಿವರು ವಿಷಾದ ವ್ಯಕ್ತಪಡಿಸಿದರು. ಅಲ್ಲಿಗೆ ಆ ಸುದ್ದಿ ಮುಗಿಯಿತು. ಆದರೆ ಆ ಒಂದು ಪದ ಇದೆಯಲ್ಲ, ‘ಏಕಪತ್ನೀವ್ರತ’, ಅದನ್ನು ಸ್ವಲ್ಪ ಹಿಡಿದು ನೋಡಬೇಕು.

ಗಂಡಸು ಒಬ್ಬಳೇ ಹೆಂಡತಿಯ ಜೊತೆ ಬಾಳಿದರೆ ಅದು ‘ವ್ರತ’. ಅಂದರೆ ಕಷ್ಟಪಟ್ಟು ಮಾಡುವ ಸಾಧನೆ, ಶ್ರೀರಾಮಚಂದ್ರನ ಮಟ್ಟದ್ದು. ಹೆಣ್ಣಿಗೆ ಇದಕ್ಕೆ ಜೋಡಿ ಪದ ಯಾವುದು? ‘ಏಕಪತಿವ್ರತೆ’ ಅಂತ ಯಾರೂ ಹೇಳಲ್ಲ. ಬರೀ ‘ಪತಿವ್ರತೆ’. ಅಲ್ಲಿ ‘ಏಕ’ ಅನ್ನೋದನ್ನು ಸೇರಿಸುವ ಅಗತ್ಯವೇ ಯಾರಿಗೂ ಕಂಡಿಲ್ಲ, ಯಾಕೆಂದರೆ ಬೇರೆ ಸಾಧ್ಯತೆಯನ್ನು ಭಾಷೆ ಊಹಿಸಿಯೇ ಇಲ್ಲ. ಅವನಿಗೆ ಅದು ಪದಕ, ಅವಳಿಗೆ ಕನಿಷ್ಠ ಅರ್ಹತೆ. ಇನ್ನು, ಏಕಪತ್ನೀವ್ರತಸ್ಥನ ಕಥೆಯಲ್ಲೂ ಬೆಂಕಿಗೆ ಇಳಿದವಳು ಹೆಂಡತಿಯೇ ಅನ್ನೋದು ನಿಮಗೆ ಗೊತ್ತಿರುವುದೇ.

ಗಂಡಸು ಕೆಸರು ಕಂಡಲ್ಲಿ ತುಳಿದು ನೀರು ಕಂಡಲ್ಲಿ ತೊಳೆದುಕೊಳ್ಳುತ್ತಾನೆ ಅಂತ ನಮ್ಮಲ್ಲೊಂದು ಗಾದೆ ಇದೆ. ಟಿವಿ ಚಾನೆಲ್‌ಗಳು ಇದನ್ನೇ ಗ್ರಾಫಿಕ್ಸ್ ಹಾಕಿ ಹೇಳುತ್ತವೆ. ರಾಜಕಾರಣಿ ಸಿಕ್ಕಿಬಿದ್ದರೆ ಅದು ‘ರಾಸಲೀಲೆ’, ‘ಸರಸ’, ‘ಚಪಲ’. ತುಂಟತನದ ಪದಗಳು. ಆ ವಿಡಿಯೊದಲ್ಲೇ ಇರುವ ಹೆಣ್ಣು ಮಾತ್ರ ‘ಸಿಡಿ ಲೇಡಿ’. ಅವಳ ಊರು, ಓದು, ಬಾಡಿಗೆ ಮನೆ, ಹಳೆಯ ಫೋಟೊ ಎಲ್ಲವೂ ಪರದೆಗೆ ಬರುತ್ತೆ. ಇನ್ನು ರಾಜಕಾರಣಿಯೇ ಹೆಣ್ಣಾಗಿದ್ದರೆ ‘ಹಾದರ’ಕ್ಕಿಂತ ಕೆಳಗಿನ ಪದಗಳಿಂದಲೇ ಮಾತು ಶುರು.

ನೊಂದವರು ಯಾರು ಅನ್ನೋ ಪ್ರಶ್ನೆ

ಇದು ಬರೀ ಬಾಯಿಮಾತಿನ ವಿಷಯವಲ್ಲ. 2018ರವರೆಗೆ ನಮ್ಮ ಕಾನೂನಿನಲ್ಲೂ ಹೀಗೇ ಇತ್ತು. ಭಾರತೀಯ ದಂಡ ಸಂಹಿತೆಯ ಸೆಕ್ಷನ್ 497ನ್ನು ‘ವ್ಯಭಿಚಾರದ ವಿರುದ್ಧದ ಕಾನೂನು’ ಅಂತ ಹೆಚ್ಚಿನವರು ತಿಳಿದಿದ್ದರು. ಓದಿ ನೋಡಿದರೆ ಅದು ಬೇರೆಯೇ ಏನೋ ಆಗಿತ್ತು. ಒಬ್ಬ ಗಂಡಸು ಇನ್ನೊಬ್ಬನ ಹೆಂಡತಿಯ ಜೊತೆ, ಆ ಗಂಡನ ಒಪ್ಪಿಗೆಯಿಲ್ಲದೆ ಸಂಬಂಧ ಇಟ್ಟುಕೊಂಡರೆ ಐದು ವರ್ಷದವರೆಗೆ ಜೈಲು. ಗಂಡ ಒಪ್ಪಿದ್ದರೆ ಅಪರಾಧವೇ ಇಲ್ಲ. ಮದುವೆಯಾದ ಗಂಡಸು ಅವಿವಾಹಿತೆಯ ಜೊತೆ, ವಿಧವೆಯ ಜೊತೆ ಹೋದರೂ ಅಪರಾಧ ಇಲ್ಲ. ಅವನ ಹೆಂಡತಿ ಠಾಣೆಗೆ ಹೋಗಿ ದೂರು ಕೊಡುವ ಹಾಗೂ ಇರಲಿಲ್ಲ, ಯಾಕೆಂದರೆ ಕಾನೂನಿನ ಲೆಕ್ಕದಲ್ಲಿ ಅವಳಿಗೆ ಅನ್ಯಾಯವೇ ಆಗಿಲ್ಲ! ನೊಂದವನು ಒಬ್ಬನೇ: ಯಾರ ಹೆಂಡತಿಯನ್ನು ‘ಮುಟ್ಟಲಾಯಿತೋ’ ಆ ಗಂಡ. ಹೊಲದ ಬದು ಒತ್ತುವರಿ ಮಾಡಿದರೆ ಹೊಲದ ಯಜಮಾನ ದೂರು ಕೊಡುವ ಹಾಗೆ.

2018ರ ಸೆಪ್ಟೆಂಬರ್ 27ರಂದು ಜೋಸೆಫ್ ಶೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ರದ್ದು ಮಾಡಿತು. 1985ರಲ್ಲಿ ಇದೇ ಸೆಕ್ಷನ್ ಅನ್ನು ಎತ್ತಿಹಿಡಿದಿದ್ದು ಅಂದಿನ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಪೀಠ. 2018ರ ಪೀಠದಲ್ಲಿದ್ದವರು ಅವರ ಮಗ ಡಿ.ವೈ. ಚಂದ್ರಚೂಡ್. ಅಪ್ಪನ ತೀರ್ಪು ಸರಿಯಲ್ಲ ಅಂತ ಮಗ ಬರೆದರು.

ಈಗ ವ್ಯಭಿಚಾರ ವಿಚ್ಛೇದನಕ್ಕೆ ಕಾರಣ ಆಗಬಹುದು, ಅಪರಾಧವಲ್ಲ. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲೂ 497 ಬರಲಿಲ್ಲ. ಆದರೆ ಅದರ ಪಕ್ಕದ ಸೆಕ್ಷನ್ 498 ಮಾತ್ರ ಸದ್ದಿಲ್ಲದೆ ಸೆಕ್ಷನ್ 84 ಆಗಿ ಒಳಗೆ ಬಂದು ಕೂತಿದೆ. ವಿವಾಹಿತ ಮಹಿಳೆಯನ್ನು ‘ಪುಸಲಾಯಿಸಿ’ ಕರೆದುಕೊಂಡು ಹೋಗುವುದು ಇವತ್ತಿಗೂ ಅಪರಾಧ, ನೊಂದವನು ಇವತ್ತಿಗೂ ಅವಳ ಗಂಡನೇ. ವಿವಾಹಿತ ಗಂಡಸನ್ನು ಯಾರೂ ಪುಸಲಾಯಿಸಿಕೊಂಡು ಹೋಗಲಾರರು ಅಂತ ನಮ್ಮ ಸಂಸತ್ತು 2023ರಲ್ಲೂ ನಂಬಿದೆ.

ಈ ಲೆಕ್ಕವನ್ನು ಇಟ್ಟುಕೊಂಡು ರಾಜಕೀಯ ನೋಡಿದರೆ ಬಹಳಷ್ಟು ಅರ್ಥ ಆಗುತ್ತೆ. ಗಂಡಸು ರಾಜಕಾರಣಿಗೆ ಬೇರೆ ಸಂಬಂಧ ಇದೆ ಅಂತಾದರೆ ‘ಅದು ಅವರ ಮನೆ ವಿಷಯ’ ಅಂತೀವಿ. ಅವನ ಹೆಂಡತಿ ಸಾರ್ವಜನಿಕ ಲೆಕ್ಕದಲ್ಲಿ ನೊಂದವಳೇ ಅಲ್ಲ. ಬದಲಿಗೆ ಅವಳು ಮುಂದಿನ ಚುನಾವಣೆಯಲ್ಲಿ ಅವನ ಪಕ್ಕ ನಿಂತು ಕೈಮುಗಿಯಬೇಕು. ಹೆಣ್ಣಾದರೆ ಮಾತ್ರ ಅದು ಮನೆ ವಿಷಯ ಆಗಲ್ಲ. ಗಂಡನ ಮಾನ ಹೋಯಿತು, ಮನೆತನದ ಮಾನ ಹೋಯಿತು, ಪಕ್ಷದ ಮಾನ ಹೋಯಿತು ಅಂತ ನೊಂದವರ ಕ್ಯೂ ಬೆಳೀತಾನೇ ಹೋಗುತ್ತೆ.

ವಾಪಸ್ ಬರುವ ದಾರಿ

ಗಂಡಸರಿಗೆ ಏನೂ ಆಗುವುದೇ ಇಲ್ಲ ಅನ್ನೋದು ಪೂರ್ತಿ ನಿಜವಲ್ಲ. ಅವರೂ ರಾಜೀನಾಮೆ ಕೊಡುತ್ತಾರೆ. ವ್ಯತ್ಯಾಸ ಇರೋದು ಆಮೇಲಿನದ್ದರಲ್ಲಿ.

2012ರ ಫೆಬ್ರವರಿಯಲ್ಲಿ ಸದನದೊಳಗೆ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದ ಆರೋಪದಲ್ಲಿ ಮೂವರು ಸಚಿವರು ಹುದ್ದೆ ಬಿಟ್ಟರು. ಅವರಲ್ಲಿ ಒಬ್ಬರಾದ ಲಕ್ಷ್ಮಣ ಸವದಿ 2018ರಲ್ಲಿ ಅಥಣಿಯಲ್ಲಿ ಸೋತರು. ಸೋತರೂ 2019ರಲ್ಲಿ ಉಪಮುಖ್ಯಮಂತ್ರಿ ಆದರು. 2016ರ ಡಿಸೆಂಬರಿನಲ್ಲಿ ವಿಡಿಯೊ ವಿವಾದದಿಂದ ಅಬಕಾರಿ ಸಚಿವ ಸ್ಥಾನ ಬಿಟ್ಟ ಎಚ್.ವೈ. ಮೇಟಿ ಆರೋಪ ಅಲ್ಲಗಳೆದರು, 2023ರಲ್ಲಿ ಬಾಗಲಕೋಟೆಯಿಂದ ಮತ್ತೆ ಶಾಸಕರಾದರು. ಜಾರಕಿಹೊಳಿಯವರೂ ಆರೋಪ ಒಪ್ಪಲಿಲ್ಲ, ಗೋಕಾಕದ ಜನ 2023ರಲ್ಲಿ ಅವರನ್ನು ಮತ್ತೆ ಗೆಲ್ಲಿಸಿದರು. ಬಿಜೆಪಿ, ಕಾಂಗ್ರೆಸ್ ಅನ್ನೋ ಭೇದ ಇಲ್ಲಿಲ್ಲ. ಆರೋಪ ಮಾಡಿದ ಮಾತ್ರಕ್ಕೆ ಒಬ್ಬರ ರಾಜಕೀಯ ಮುಗಿಯಬಾರದು ಅನ್ನುವುದು ಸರಿಯಾದ ಮಾತೇ. ಈಗ ಇದೇ ಪಟ್ಟಿಯಲ್ಲಿ ಒಂದು ಹೆಣ್ಣಿನ ಹೆಸರು ಹಾಕಿ ಊಹಿಸಿ ನೋಡಿ. ವಿಡಿಯೊ ಹೊರಬಂದ ಏಳು ವರ್ಷಕ್ಕೆ ಉಪಮುಖ್ಯಮಂತ್ರಿ?

ಅಮೆರಿಕದ ಕೇಟಿ ಹಿಲ್ ಕಥೆ ಇಲ್ಲಿ ಹೇಳಲೇಬೇಕು. 2018ರಲ್ಲಿ 31ನೇ ವಯಸ್ಸಿಗೆ ಕ್ಯಾಲಿಫೋರ್ನಿಯಾದಿಂದ ಸಂಸದೆಯಾದವರು. ಮರುವರ್ಷ, ಮದುವೆ ಮುರಿಯುವ ಹಂತದಲ್ಲಿದ್ದಾಗ ಅವರ ನಗ್ನ ಚಿತ್ರಗಳು ಅವರ ಒಪ್ಪಿಗೆಯಿಲ್ಲದೆ ಪ್ರಕಟವಾದವು. ಪ್ರಚಾರ ತಂಡದಲ್ಲಿದ್ದ ಒಬ್ಬರ ಜೊತೆ ಸಂಬಂಧ ಇತ್ತು ಅಂತ ಅವರು ಒಪ್ಪಿಕೊಂಡರು. ಸಂಸದರ ಕಚೇರಿಯ ಸಿಬ್ಬಂದಿಯ ಜೊತೆ ಸಂಬಂಧ ಇತ್ತು ಅನ್ನೋ ಇನ್ನೊಂದು ಆರೋಪ ನಿರಾಕರಿಸಿದರು. ಕೈಕೆಳಗಿನವರ ಜೊತೆಗಿನ ಸಂಬಂಧ ನಿಜಕ್ಕೂ ಪ್ರಶ್ನಿಸಬೇಕಾದದ್ದು, ಹೆಣ್ಣು ಅಂತ ಅದಕ್ಕೆ ರಿಯಾಯಿತಿ ಬೇಡ. ಆದರೆ ತನಿಖೆ ಮುಗಿಯುವ ಮೊದಲೇ, 2019ರ ಅಕ್ಟೋಬರ್ ಕೊನೆಗೆ, ಅವರು ರಾಜೀನಾಮೆ ಘೋಷಿಸಿ ಆಗಿತ್ತು.

ಅದೇ ಹೊತ್ತಿಗೆ, ಅದೇ ರಾಜ್ಯದ ಸಂಸದ ಡಂಕನ್ ಹಂಟರ್ ಚುನಾವಣಾ ನಿಧಿಯ ಹಣವನ್ನು ಸ್ವಂತಕ್ಕೆ ಬಳಸಿದ ಕೇಸಿನಲ್ಲಿ ಸಿಕ್ಕಿಬಿದ್ದಿದ್ದರು. ವಿವಾಹೇತರ ಸಂಬಂಧಗಳಿಗೂ ಆ ದುಡ್ಡು ಖರ್ಚಾಗಿದೆ ಅಂತ ಪ್ರಾಸಿಕ್ಯೂಟರ್‌ಗಳು ಕೋರ್ಟಿಗೆ ಹೇಳಿದ್ದರು. ದೋಷಾರೋಪ ಆದ ಮೇಲೂ 2018ರ ಚುನಾವಣೆ ಗೆದ್ದ ಹಂಟರ್, ತಪ್ಪೊಪ್ಪಿಕೊಂಡ ಮೇಲಷ್ಟೇ, 2020ರ ಜನವರಿಯಲ್ಲಿ ಕುರ್ಚಿ ಬಿಟ್ಟರು. ಆ ವರ್ಷದ ಕೊನೆಗೆ ಟ್ರಂಪ್ ಕ್ಷಮಾದಾನ ಕೊಟ್ಟರು. ಹಿಲ್ ಆ ಚಿತ್ರಗಳನ್ನು ಪ್ರಕಟಿಸಿದವರ ಮೇಲೆ ಕೇಸು ಹಾಕಿದರೆ, ಅದು ಸಾರ್ವಜನಿಕ ಹಿತಾಸಕ್ತಿಯ ವಿಷಯ ಅಂತ ಕೋರ್ಟ್ ಹೇಳಿತು. ಎದುರು ಪಕ್ಷದ ವಕೀಲರ ಖರ್ಚನ್ನೂ ಆಕೆಯೇ ಕೊಡಬೇಕಾಗಿ ಬಂತು. ಬೆಂಗಳೂರಿನಲ್ಲಿ ಏನೂ ಪ್ರಕಟವಾಗುವ ಮೊದಲೇ ತಡೆಯಾಜ್ಞೆ ಸಿಕ್ಕಿದ್ದನ್ನು ನೆನಪಿಸಿಕೊಳ್ಳಿ. ಅಮೆರಿಕದ ವಾಕ್ ಸ್ವಾತಂತ್ರ್ಯದ ಕಾನೂನು ಬೇರೆ, ನಮ್ಮದು ಬೇರೆ, ನಿಜ. ಆದರೂ ಈ ಎರಡು ಕೇಸು ಪಕ್ಕಪಕ್ಕ ಇಟ್ಟರೆ ಹೊಟ್ಟೆ ಉರಿಯುತ್ತೆ.

ಅಮ್ಮ, ದೀದಿ, ಬೆಹನ್‌ಜಿ

ಹೆಣ್ಣು ರಾಜಕಾರಣದಲ್ಲಿ ಉಳಿಯೋದು ಹೇಗೆ ಹಾಗಾದರೆ? ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ಅವರನ್ನು ನೋಡಿ. ಎಂಜಿಆರ್ ಜೊತೆ ಅವರ ಹೆಸರನ್ನು ಇಡೀ ತಮಿಳುನಾಡು ಸೇರಿಸಿ ಮಾತಾಡಿತು. ಆ ಮಾತಿನಿಂದ ಎಂಜಿಆರ್‌ಗೆ ಒಂದು ವೋಟೂ ಕಡಿಮೆ ಆಗಲಿಲ್ಲ, ಸಾಯುವವರೆಗೂ ಮುಖ್ಯಮಂತ್ರಿ ಆಗಿದ್ದರು. 1987ರ ಡಿಸೆಂಬರಿನಲ್ಲಿ ಅವರ ಅಂತಿಮಯಾತ್ರೆಯ ದಿನ ಶವ ಇಟ್ಟಿದ್ದ ವಾಹನದಿಂದ ಕೆಳಗೆ ತಳ್ಳಿಸಿಕೊಂಡವರು ಜಯಲಲಿತಾ. ಅದೇ ರಾಜ್ಯದಲ್ಲಿ ಕರುಣಾನಿಧಿಯವರು ಎರಡು ಮನೆ ಇಟ್ಟುಕೊಂಡಿದ್ದು ಗುಟ್ಟಾಗಿರಲಿಲ್ಲ, ಐದು ಬಾರಿ ಮುಖ್ಯಮಂತ್ರಿ ಆಗೋಕೆ ಅದು ಅಡ್ಡಿಯೂ ಆಗಲಿಲ್ಲ. ಜಯಲಲಿತಾ ಮದುವೆಯಾದವರೇ ಅಲ್ಲ, ಅಂದರೆ ಯಾವ ಗಂಡನಿಗೂ ದ್ರೋಹ ಮಾಡುವ ಪ್ರಶ್ನೆಯೇ ಇರಲಿಲ್ಲ. ಆದರೂ ಬೈಗುಳದ ಪಾಲೆಲ್ಲ ಅವರದ್ದೇ.

ಅವರು ಅದರಿಂದ ಹೊರಬಂದಿದ್ದು ‘ಅಮ್ಮ’ ಆಗಿ. ಮಮತಾ ಬ್ಯಾನರ್ಜಿ ‘ದೀದಿ’, ಮಾಯಾವತಿ ‘ಬೆಹನ್‌ಜಿ’. ಮೂವರೂ ಅವಿವಾಹಿತರು, ಮೂವರೂ ತಾಯಿಯೋ ಅಕ್ಕನೋ ಆಗಿಯೇ ಜನರ ಮುಂದೆ ನಿಂತವರು. ವಾಜಪೇಯಿಯವರೂ ಅವಿವಾಹಿತರೇ. ಗೆಳತಿಯ ಕುಟುಂಬದ ಜೊತೆ ಒಂದೇ ಸೂರಿನಡಿ ಬಾಳಿದರು. ದಿಲ್ಲಿಯ ಪತ್ರಕರ್ತರು ಅದನ್ನು ಸುದ್ದಿ ಮಾಡಲಿಲ್ಲ, ಮಾಡದೇ ಇದ್ದಿದ್ದು ಸರಿ ಕೂಡ. ಅವರು ಯಾರ ‘ಅಣ್ಣ’ನೂ ಆಗಬೇಕಾಗಿ ಬರಲಿಲ್ಲ ಅಷ್ಟೇ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಗೆರೆ ಎಳೆಯಲೇಬೇಕು. ಇಬ್ಬರು ವಯಸ್ಕರು ಒಪ್ಪಿ ಇಟ್ಟುಕೊಂಡ ಸಂಬಂಧ ಬೇರೆ, ಅಧಿಕಾರ ತೋರಿಸಿ ಮಾಡಿದ ದೌರ್ಜನ್ಯ ಬೇರೆ. 2025ರ ಆಗಸ್ಟಿನಲ್ಲಿ ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣಗೆ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿದ್ದು ಅತ್ಯಾಚಾರಕ್ಕೆ. ಅದನ್ನು ‘ರಾಸಲೀಲೆ’ಯ ಸಾಲಿಗೆ ಸೇರಿಸುವ ಶೀರ್ಷಿಕೆಗಳು ಅಪರಾಧವನ್ನು ಚಪಲ ಮಾಡಿಬಿಡುತ್ತವೆ. ಒಪ್ಪಿತ ಸಂಬಂಧದಲ್ಲಿ ನಾವು ಕೇಳಬಹುದಾದ ಪ್ರಶ್ನೆಗಳು ಕೆಲವೇ: ಸರ್ಕಾರದ ದುಡ್ಡು ಖರ್ಚಾಯಿತಾ? ಹುದ್ದೆ, ವರ್ಗಾವಣೆ, ಟೆಂಡರ್ ಕೈ ಬದಲಾಯಿತಾ? ಕೈಕೆಳಗಿನವರಿಗೆ ಇಲ್ಲ ಅನ್ನುವ ಸ್ವಾತಂತ್ರ್ಯ ಇತ್ತಾ? ಇವು ಯಾವುವೂ ಇಲ್ಲದಿದ್ದರೆ ಅದು ಆ ಮನೆಯವರ ನೋವು, ನಮ್ಮ ಪ್ರೈಮ್ ಟೈಮ್ ಅಲ್ಲ.

ಬೆಂಗಳೂರು, ಚೆನ್ನೈ, ವಾಷಿಂಗ್ಟನ್ ಬಿಡಿ. ಇದರ ಬಿಸಿ ಜಾಸ್ತಿ ತಟ್ಟೋದು ಕೆಳಗಿನ ಮಟ್ಟದಲ್ಲಿ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧ ಸೀಟು ಮಹಿಳೆಯರದ್ದು. ಸದಸ್ಯೆ ತಾಲ್ಲೂಕು ಆಫೀಸಿಗೆ ಕಾರ್ಯಕರ್ತನ ಬೈಕಿನಲ್ಲಿ ಹೋದರೆ ಒಂದು ಕಥೆ, ಮೀಟಿಂಗ್ ಮುಗಿದು ಕತ್ತಲಾದ ಮೇಲೆ ಮನೆಗೆ ಬಂದರೆ ಇನ್ನೊಂದು. ಆ ಕಥೆಗೆ ಹೆದರಿ ಗಂಡನನ್ನೇ ಜೊತೆಗೆ ಕರೆದುಕೊಂಡು ಹೋದರೆ, ‘ಗಂಡನೇ ಅಧಿಕಾರ ನಡೆಸ್ತಾನೆ’ ಅಂತ ನಗುವವರೂ ನಾವೇ. ಅಲ್ಲಿಂದ ಮೇಲಕ್ಕೆ ಬರುವವರು ಎಷ್ಟು ಮಂದಿ? 2023ರಲ್ಲಿ ವಿಧಾನಸಭೆಯ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು 10. ಅದೇ ವರ್ಷ ಸಂಸತ್ತು ಒಪ್ಪಿದ ಮೂರನೇ ಒಂದರ ಮೀಸಲಾತಿ, ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಜಾರಿಗೆ ಬಂದರೆ, ಈಗಿನ ಲೆಕ್ಕದಲ್ಲೇ ಸುಮಾರು 75 ಆಗಬೇಕು. ಆ 75 ಟಿಕೆಟ್ ಯಾರಿಗೆ ಅಂತ ಕೂತು ತೀರ್ಮಾನಿಸುವ ಕೋಣೆಯಲ್ಲಿ ‘ಅವಳ ಬಗ್ಗೆ ಏನೋ ಕೇಳಿದ್ದೆ’ ಅಂತ ಒಬ್ಬರು ಮೆಲ್ಲಗೆ ಅಂದರೆ ಸಾಕು, ಪಟ್ಟಿಯಿಂದ ಹೆಸರು ಹೋಗುತ್ತೆ. ಅದಕ್ಕೆ ಸಿಡಿಯೂ ಬೇಕಾಗಿಲ್ಲ.